‘ಸ್ವಲ್ಪ ಅಡ್ಜಸ್ಟ್ ಮಾಡಿ’ ಅಂದರೆ, ಮಾಡಬೇಕಾದವರು ಯಾರು?

(ರಾಜ್ಯೋತ್ಸವದ ತಿಂಗಳಲ್ಲಿ ಬಡಾವಣೆಯ ಯುವಕ ಯುವತಿಯರ ಸಭೆಯಲ್ಲಿ ಮುದ್ರಣಾಲಯದ ಮಾಲೀಕರೊಬ್ಬರು ಆಡಿದ ಮಾತುಗಳ ಬರಹರೂಪ)



ನನ್ನನ್ನು ಕರೆದವರು ಯಾವ ವಿಷಯ ಬೇಕಾದರೂ ಮಾತಾಡಿ ಅಂದರು. ನಾನು ವಿದ್ವಾಂಸನಲ್ಲ. ಓದಿದ್ದು ಪಿಯುಸಿ. ಆಮೇಲೆ ಓದಿದ್ದೆಲ್ಲ ಬೇರೆಯವರ ಕರಡು ತಿದ್ದುತ್ತ ಓದಿದ್ದು. ಲಗ್ನಪತ್ರಿಕೆ, ಬಿಲ್ ಬುಕ್ಕು, ಕರಪತ್ರ, ವೈಕುಂಠ ಸಮಾರಾಧನೆಯ ಕಾರ್ಡು, ಚುನಾವಣೆಯ ಹ್ಯಾಂಡ್‌ಬಿಲ್ಲು. ಇಪ್ಪತ್ತು ವರ್ಷಕ್ಕೂ ಮೇಲೆ ಇವನ್ನೇ ಓದಿದವನಿಗೆ ಭಾಷಾಶಾಸ್ತ್ರ ಬಾರದಿದ್ದರೂ, ಜನ ಯಾವ ಮಾತನ್ನು ಯಾವಾಗ ಹೊರಗೆ ತೆಗೆಯುತ್ತಾರೆ ಅನ್ನುವುದು ಅಷ್ಟಿಷ್ಟು ಗೊತ್ತಾಗುತ್ತದೆ. ಅದಕ್ಕೇ ಇವತ್ತು ಒಂದೇ ಒಂದು ಪದ ಹಿಡಿದುಕೊಂಡು ಬಂದಿದ್ದೇನೆ. ಅಡ್ಜಸ್ಟ್.

ನಗಬೇಡಿ. ಈ ಊರಿನ ಗುರುತೇ ಈ ಪದ ಅಂತ ಟೀ ಶರ್ಟಿನ ಮೇಲೆ, ಕಾಫಿ ಲೋಟದ ಮೇಲೆ ಅಚ್ಚು ಹಾಕಿ ಮಾರುತ್ತಾರೆ. ಹೊರಗಿನಿಂದ ಬಂದವನು ಬೆಂಗಳೂರಿನಲ್ಲಿ ಮೊದಲು ಕಲಿಯುವ ಕನ್ನಡ ವಾಕ್ಯ ‘ಸ್ವಲ್ಪ ಅಡ್ಜಸ್ಟ್ ಮಾಡಿ’. ಮೂರು ಪದದಲ್ಲಿ ಮಧ್ಯದ್ದು ಇಂಗ್ಲಿಷು. ಅದೂ ಎಂಥ ಇಂಗ್ಲಿಷು? ಇಂಗ್ಲೆಂಡಿನವನು ಬೆಂಚಿನ ಮೇಲೆ ಜಾಗ ಬೇಕಾದರೆ ಮೂವ್ ಓವರ್ ಅಂತಾನೆ, ಸಲಿಗೆಯಿದ್ದರೆ ಬಜ್ ಅಪ್ ಅಂತಾನೆ. ಅವನ ಹತ್ತಿರ ಹೋಗಿ ಪ್ಲೀಸ್ ಅಡ್ಜಸ್ಟ್ ಅಂದರೆ, ಏನನ್ನು ಮಾಡಲಿ, ಟೈಯನ್ನೋ ಕನ್ನಡಕವನ್ನೋ ಅಂತ ನಿಮ್ಮ ಮುಖ ನೋಡುತ್ತಾನೆ. ಸೀಟಿನ ಅಡ್ಜಸ್ಟು ನಮ್ಮ ದೇಶದ ತಯಾರಿಕೆ. ತಮಿಳರು ಕೊಂಜಂ ಅಡ್ಜಸ್ಟ್ ಅಂತಾರೆ, ಹಿಂದಿಯವರು ಥೋಡಾ ಅಡ್ಜಸ್ಟ್ ಅಂತಾರೆ. ಜನ ಜಾಸ್ತಿ, ಬೆಂಚು ಕಡಿಮೆ ಇರುವ ದೇಶಕ್ಕೆ ಬೇಕಾಗಿದ್ದ ಪದ.

ಮೂಲದಲ್ಲಿ ಇದು ಫ್ರೆಂಚರ ಕೈಯಿಂದ ಇಂಗ್ಲಿಷಿಗೆ ಬಂದ ಮಾತು. ಬೇರು ಲ್ಯಾಟಿನ್ನಿನ ಜುಕ್ಸ್‌ಟಾ, ಅಂದರೆ ಪಕ್ಕ, ಹತ್ತಿರ. ಆಮೇಲೆ ನ್ಯಾಯ ಅನ್ನುವ ಅರ್ಥದ ಜಸ್ಟ್ ಪದದ ನೆರಳೂ ಅದರ ಮೇಲೆ ಬಿತ್ತು. ಹಾಗೆ ನೋಡಿದರೆ ನಮ್ಮ ಬಸ್ಸಿನಲ್ಲಿ ಆ ಪದ ತನ್ನ ತವರಿಗೇ ಹೋಗಿದೆ. ಪಕ್ಕಕ್ಕೆ ಸೇರಿಸಿಕೊಳ್ಳಿ ಅಂತ ತಾನೇ ನಾವು ಕೇಳುವುದು? ಬಸ್ಸಿನ ಮಟ್ಟಿಗೆ ನನ್ನ ತಕರಾರು ಏನೂ ಇಲ್ಲ. ಮೂರು ಜನರ ಸೀಟಿನಲ್ಲಿ ನಾಲ್ಕನೆಯವರಿಗೆ, ಅದರಲ್ಲೂ ಮಗು ಎತ್ತಿಕೊಂಡವರಿಗೆ, ಜಾಗ ಕೊಡುವ ಜನ ನಾವು. ಅದು ಹೆಮ್ಮೆಯ ವಿಷಯ. ಅಲ್ಲಿ ಕನ್ನಡದ ಪದಗಳೂ ಇದ್ದವು, ಇವೆ. ಸ್ವಲ್ಪ ಸರೀರಿ, ಜರುಗಿ, ಒತ್ತರಿಸಿ ಕೂತ್ಕೊಳ್ಳಿ. ಹುಬ್ಬಳ್ಳಿ ಕಡೆ ಹೋದರೆ ‘ಸರದ ಕುಂದರ್ರಿ’ ಅಂತಾರೆ. ಕೇಳಿದ ತಕ್ಷಣ ಸೊಂಟ ತಾನಾಗಿ ಜರುಗುತ್ತದೆ, ಏನು ಮಾಡಬೇಕು ಅನ್ನುವುದು ಪದದಲ್ಲೇ ಇದೆ.

ನನ್ನ ತಕರಾರು ಬಸ್ಸಿನಿಂದ ಇಳಿದ ಮೇಲೆ ಶುರುವಾಗುತ್ತದೆ. ಈ ಪದ ಬಸ್ಸಿನಿಂದ ನಮ್ಮ ಜೊತೆಗೇ ಇಳಿದು ಮನೆಗೆ ಬಂತು, ಅಂಗಡಿಗೆ ಬಂತು, ಕಚೇರಿಗೆ, ಮದುವೆಗೆ, ರಾಜಕೀಯಕ್ಕೆ ಬಂತು. ಬಂದ ಕಡೆಯೆಲ್ಲ ಒಂದು ಕೆಲಸ ಮಾಡಿತು. ಯಾರು ಬದಲಾಗಬೇಕು, ಎಷ್ಟು ಬದಲಾಗಬೇಕು ಅನ್ನುವುದನ್ನು ಮುಚ್ಚಿಬಿಟ್ಟಿತು.

ಇದನ್ನು ಕೊಂಚ ನಿಧಾನವಾಗಿ ಹೇಳುತ್ತೇನೆ, ಯಾಕಂದರೆ ಇವತ್ತಿನ ಮಾತೆಲ್ಲ ಇದರ ಮೇಲೇ ನಿಂತಿದೆ. ಕನ್ನಡದಲ್ಲಿ ‘ಹೊಂದು’ ಅಂತ ಒಂದು ಧಾತು. ಈ ಬಣ್ಣ ಆ ಬಣ್ಣಕ್ಕೆ ಹೊಂದುತ್ತದೆ ಅಂದರೆ ಯಾರೂ ಏನೂ ಮಾಡಬೇಕಾಗಿಲ್ಲ, ಸಹಜವಾಗಿಯೇ ಸರಿಯಿದೆ. ‘ಹೊಂದಿಸು’ ಅಂದರೆ ಒಬ್ಬ ಕೂತು ಇನ್ನೊಂದನ್ನು ಸರಿಮಾಡುತ್ತಿದ್ದಾನೆ. ದುಡ್ಡು ಹೊಂದಿಸಿದೆ, ಆಳು ಹೊಂದಿಸಿದೆ. ‘ಹೊಂದಿಕೊಳ್ಳು’ ಅಂದರೆ ಬದಲಾಗುವವನು ನಾನೇ. ‘ಹೊಂದಾಣಿಕೆ’ ಅಂದರೆ ಇಬ್ಬರೂ ಒಂದೊಂದು ಹೆಜ್ಜೆ ಬಂದಿದ್ದಾರೆ. ಒಂದೇ ಬೇರು, ನಾಲ್ಕು ಕೊಂಬೆ. ನಾಲ್ಕರಲ್ಲೂ ಯಾರು ಬಾಗಿದರು ಅನ್ನುವುದು ಕನ್ನಡಿಯಲ್ಲಿ ಕಂಡ ಹಾಗೆ ಕಾಣುತ್ತದೆ. ಈಗ ಇದೇ ನಾಲ್ಕು ಜಾಗದಲ್ಲಿ ಅಡ್ಜಸ್ಟ್ ಹಾಕಿ ನೋಡಿ. ಕಲರ್ ಅಡ್ಜಸ್ಟ್ ಆಗುತ್ತೆ, ದುಡ್ಡು ಅಡ್ಜಸ್ಟ್ ಮಾಡಿದೆ, ಅತ್ತೆ ಮನೇಲಿ ಅಡ್ಜಸ್ಟ್ ಮಾಡ್ಕೋ, ಪಾರ್ಟಿಗಳ ಅಡ್ಜಸ್ಟ್‌ಮೆಂಟು. ಎಲ್ಲ ಒಂದೇ ಬಣ್ಣ. ಆದರೂ ನಮ್ಮ ವ್ಯಾಕರಣ ಎಷ್ಟು ಗಟ್ಟಿ ನೋಡಿ, ಪರಭಾಷೆಯ ಪದಕ್ಕೂ ತನ್ನ ಬಾಲ ಅಂಟಿಸಿ ಅರ್ಧ ಸತ್ಯವನ್ನು ಹೊರಗೆ ಎಳೆಯುತ್ತದೆ. ‘ಅಡ್ಜಸ್ಟ್ ಮಾಡಿ’ ಬೇರೆ, ‘ಅಡ್ಜಸ್ಟ್ ಮಾಡ್ಕೊಳ್ಳಿ’ ಬೇರೆ. ಆ ‘ಕೊಳ್ಳಿ’ ಬಂತು ಅಂದರೆ ಎಚ್ಚರವಾಗಿ. ಬಾಗಬೇಕಾದವರು ನೀವು!

ಮಿಕ್ಕ ಪದಗಳನ್ನೂ ನೋಡಿ. ‘ಒಗ್ಗು’. ಮಲೆನಾಡಿನ ಮಳೆ ಬಯಲುಸೀಮೆಯವರಿಗೆ ಬೇಗ ಒಗ್ಗುವುದಿಲ್ಲ. ಹೊಸ ಊರಿನ ನೀರು ಒಗ್ಗಲಿಲ್ಲ. ಇದು ಮೈ ತಾನಾಗಿ ಮಾಡಬೇಕಾದ ಕೆಲಸ, ಅದಕ್ಕೆ ಕಾಲ ಬೇಕು. ಒಗ್ಗು ಅಂತ ಯಾರಿಗೂ ಹುಕುಂ ಮಾಡಲಾಗದು. ‘ಪಳಗು’ ಬೇರೆ. ಸಕ್ರೆಬೈಲು, ದುಬಾರೆ ಶಿಬಿರದಲ್ಲಿ ಕಾಡಾನೆಯನ್ನು ಪಳಗಿಸುತ್ತಾರೆ. ಅಲ್ಲಿ ಮಾವುತ ಇದ್ದಾನೆ, ಅಂಕುಶ ಇದೆ. ಆದರೆ ‘ಪಳಗಿದ ಕೈ’ ಅಂದಾಗ ಅದೇ ಪದ ಅನುಭವದ ಹೊಗಳಿಕೆ. ‘ಸರಿದೂಗಿಸು’ ಅಂದರೆ ತಕ್ಕಡಿ ಕಣ್ಣ ಮುಂದೆ ಬರುತ್ತದೆ, ಈ ತಟ್ಟೆಗೂ ಬೀಳಬೇಕು, ಆ ತಟ್ಟೆಗೂ ಬೀಳಬೇಕು. ‘ಏಗು’ ಅಂದರೆ ಕಷ್ಟದ ಮನುಷ್ಯನ ಜೊತೆ ಹೆಣಗುವುದು. ತಂಬೂರಿಯಾದರೆ ಶ್ರುತಿ ಮಾಡು, ಸ್ಕ್ರೂ ಆದರೆ ಬಿಗಿ ಮಾಡು, ಸಡಿಲಿಸು. ಹಂಗಾಮಿಗೆ ತಕ್ಕಂತೆ ಭೂಮಿ ಹದ ಮಾಡು. ಉತ್ತರದ ಕಡೆಯವರ ‘ಸುಧಾರಿಸ್ಕೊಂಡು ಹೋಗು’ ನನಗೆ ಬಹಳ ಪ್ರೀತಿಯ ಮಾತು. ಇದ್ದದ್ದರಲ್ಲಿ ಉಸಿರು ತಿರುಗಿಸಿಕೊಂಡು ನಡೆ ಅಂತ.

ಕನ್ನಡದ ಪದಗಳೆಲ್ಲ ಸಾಧು ಅಂತ ನಾನು ಹೇಳುತ್ತಿಲ್ಲ. ಗಂಡನ ಮನೆಗೆ ಹೊರಟ ಹುಡುಗಿಗೆ ‘ಅನುಸರಿಸಿಕೊಂಡು ಹೋಗಮ್ಮ’ ಅಂದವರು ನಮ್ಮ ಅಜ್ಜಿಯರೇ. ಆದರೆ ಆ ಮಾತು ಸುಳ್ಳು ಹೇಳುವುದಿಲ್ಲ. ಅನುಸರಿಸು ಅಂದರೆ ಹಿಂದೆ ನಡೆ. ಕೇಳಿದ ಹುಡುಗಿಗೆ ತಾನು ಹಿಂದೆ ನಡೆಯಬೇಕಂತೆ ಅಂತ ಗೊತ್ತಾಗುತ್ತದೆ, ಗೊತ್ತಾದ್ದರಿಂದ ಒಲ್ಲೆ ಅನ್ನುವುದಕ್ಕೂ ಸಾಧ್ಯ. ‘ಸ್ವಲ್ಪ ಅಡ್ಜಸ್ಟ್ ಮಾಡ್ಕೊಂಡು ಹೋಗಮ್ಮ’ ಅಂದಾಗ ಮಾತ್ರ ಏನೋ ಬಸ್ಸಿನಲ್ಲಿ ಎರಡು ಅಂಗುಲ ಸರಿಯುವಷ್ಟೇ ಚಿಕ್ಕ ವಿಷಯ ಅನ್ನಿಸುತ್ತದೆ. ಬಿಟ್ಟುಕೊಡಬೇಕಾದದ್ದು ಓದು, ಕೆಲಸ, ತವರಿನ ಹೋಗಿಬರುವಿಕೆ.

ಈ ಮುಚ್ಚಾಟ ಎಲ್ಲಿಗೆ ಹೋಗಿ ಮುಟ್ಟಿತು ಅನ್ನುವುದಕ್ಕೆ ನೆರೆಯ ಕೇರಳದ ಕಡತವೇ ಸಾಕ್ಷಿ. ಮಲಯಾಳಂ ಚಿತ್ರರಂಗದ ಹೆಣ್ಣುಮಕ್ಕಳ ಸ್ಥಿತಿಗತಿ ನೋಡಲು ೨೦೧೭ರಲ್ಲಿ ನ್ಯಾಯಮೂರ್ತಿ ಹೇಮಾ ಅವರ ಸಮಿತಿ ನೇಮಕವಾಯಿತು. ವರದಿ ೨೦೧೯ರ ಡಿಸೆಂಬರ್‌ನಲ್ಲಿ ಸರ್ಕಾರದ ಕೈ ಸೇರಿತು, ಜನರ ಕೈಗೆ ಬಂದದ್ದು ೨೦೨೪ರ ಆಗಸ್ಟ್‌ನಲ್ಲಿ. ಅದರಲ್ಲಿ ಎರಡು ಪದಗಳ ಪ್ರಸ್ತಾಪ ಇದೆ, ಅವಕಾಶ ಕೇಳಿ ಬಂದ ಹೆಣ್ಣುಮಕ್ಕಳಿಗೆ ಆ ರಂಗದಲ್ಲಿ ಚಿರಪರಿಚಿತವಾಗಿದ್ದ ಪದಗಳು. ಕಾಂಪ್ರಮೈಸ್, ಅಡ್ಜಸ್ಟ್‌ಮೆಂಟ್. ಅದರ ಅರ್ಥ ಈ ಸಭೆಯಲ್ಲಿ ಬಿಡಿಸಿ ಹೇಳಬೇಕಾಗಿಲ್ಲ. ಅದೇ ೨೦೨೪ರ ಸೆಪ್ಟೆಂಬರ್‌ನಲ್ಲಿ ಕನ್ನಡ ಚಿತ್ರರಂಗದ ಕಲಾವಿದರೂ ಇಂಥದೇ ಸಮಿತಿ ಇಲ್ಲೂ ಬೇಕು ಅಂತ ಮುಖ್ಯಮಂತ್ರಿಗಳಿಗೆ ಮನವಿ ಕೊಟ್ಟರು. ಯೋಚನೆ ಮಾಡಿ. ಆ ಬೇಡಿಕೆಯನ್ನು ಮನೆಮಾತಿನಲ್ಲಿ, ಇದ್ದದ್ದು ಇದ್ದ ಹಾಗೆ ಕೇಳುವ ಧೈರ್ಯ ಆ ಗಂಡಸರಿಗೆ ಇತ್ತೇ? ಅಡ್ಜಸ್ಟ್ ಅನ್ನುವ ಪದ ಅವರಿಗೆ ಪರದೆಯಾಯಿತು.

ಇನ್ನು ನನ್ನ ಕಸುಬಿಗೆ ಬರುತ್ತೇನೆ. ನಮ್ಮ ತಂದೆಯ ಕಾಲದ ಮೊಳೆ ಜೋಡಿಸುವ ಪ್ರೆಸ್ಸು ನಾನು ಹುಡುಗನಾಗಿ ನೋಡಿದವನು. ಮೊಳೆ ಜೋಡಿಸುವವರು ಎಡಗೈಯಲ್ಲಿ ಸ್ಟಿಕ್ಕು ಹಿಡಿದು ಒಂದೊಂದೇ ಅಕ್ಷರ ಕೂರಿಸುತ್ತಿದ್ದರು. ಸಾಲು ಸಡಿಲ ಬಿಟ್ಟರೆ ಫಾರಂ ಎತ್ತುವಾಗ ಅಕ್ಷರ ಜಾರಿ ನೆಲಕ್ಕೆ. ಅತಿ ಬಿಗಿಯಾದರೆ ಸಾಲು ಉಬ್ಬುತ್ತದೆ. ಹಾಗಾಗಿ ಪದ ಪದದ ನಡುವೆ ಖಾಲಿ ಮೊಳೆ, ಅಗತ್ಯ ಬಿದ್ದರೆ ತೆಳು ಕಾಗದದ ಚೂರು ಇಟ್ಟು ಸಾಲು ಹೊಂದಿಸುತ್ತಿದ್ದರು. ಸವೆದ ಮೊಳೆ ಮಸುಕಾಗಿ ಅಚ್ಚಾದರೆ ಟ್ರೆಡಲ್ ಯಂತ್ರದ ಹಾಸಿನಲ್ಲಿ ಆ ಜಾಗಕ್ಕೆ ಸರಿಯಾಗಿ ಒಂದು ತುಂಡು ಕಾಗದ ಅಂಟಿಸಿ ಎತ್ತರ ಕೊಡುತ್ತಿದ್ದರು. ಬಲ ಇಲ್ಲದ ಅಕ್ಷರಕ್ಕೆ ಹಿಂದಿನಿಂದ ಆಸರೆ! ಇವತ್ತು ನಾಲ್ಕು ಬಣ್ಣದ ಆಫ್‌ಸೆಟ್‌ನಲ್ಲಿ ನಾಲ್ಕು ಪ್ಲೇಟು ಒಂದರ ಮೇಲೊಂದು ಕೂರಬೇಕು, ಕೂದಲಷ್ಟು ತಪ್ಪಿದರೂ ಮುಖಕ್ಕೆ ಎರಡು ಮೂಗು. ಇದನ್ನೆಲ್ಲ ಮಾಡುವವರು ಅಡ್ಜಸ್ಟ್ ಅಂತ ಕರೆದರೆ ನನಗೇನೂ ಬೇಸರವಿಲ್ಲ. ಅದು ಆ ಪದದ ಸರಿಯಾದ ಕೆಲಸ. ಆದರೆ ಒಂದು ಮಾತು ಗಮನಿಸಿ. ಸಾಲು ಹಿಡಿಸಲಿಲ್ಲ ಅಂತ ಯಾವ ಕಂಪಾಸಿಟರೂ ಒತ್ತಕ್ಷರ ಕಿತ್ತು ಎಸೆಯಲಿಲ್ಲ.

ಎಸೆಯೋಣ ಅಂದವರು ಇದ್ದರು. ಮುದ್ರಣಕ್ಕೆ, ಬೆರಳಚ್ಚಿಗೆ ಕನ್ನಡ ಲಿಪಿ ಕಷ್ಟ, ಒತ್ತಕ್ಷರ ಬಿಡೋಣ, ಅಕ್ಷರ ಕಡಿಮೆ ಮಾಡೋಣ ಅನ್ನುವ ಸಲಹೆಗಳು ಕಳೆದ ಶತಮಾನದಲ್ಲಿ ಬಂದಿದ್ದವು. ಅವರು ದ್ರೋಹಿಗಳಲ್ಲ, ಆ ಕಾಲದ ಯಂತ್ರದ ಮುಂದೆ ಕೈಚೆಲ್ಲಿದ್ದರು, ಅಷ್ಟೆ. ಅನಂತಸುಬ್ಬರಾಯರು ಕನ್ನಡ ಬೆರಳಚ್ಚು ಯಂತ್ರದ ಕೀಲಿಮಣೆ ರೂಪಿಸಿದಾಗ ಅಷ್ಟೊಂದು ಅಕ್ಷರ, ಕಾಗುಣಿತ, ಒತ್ತುಗಳನ್ನು ಕೆಲವೇ ಕೀಲಿಗಳಲ್ಲಿ ಹೊಂದಿಸಿದರು. ಹಳೆಯ ಸರ್ಕಾರಿ ಪತ್ರ ತೆಗೆದು ನೋಡಿ, ಅಕ್ಷರ ಒಂದು ಕಡೆ, ಒತ್ತು ಒಂದು ಕಡೆ. ಅಂದವಿಲ್ಲ, ಆದರೆ ಒಂದೂ ಬಿಟ್ಟುಹೋಗಿಲ್ಲ. ಆಮೇಲೆ ಕಂಪ್ಯೂಟರ್ ಬಂತು. ೧೯೯೧ರಲ್ಲಿ ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಸಿಕ್ಕಿತು. ಕೆ. ಪಿ. ರಾವ್ ಅವರು ಕನ್ನಡದ ಧ್ವನಿಗಳ ಲೆಕ್ಕದ ಮೇಲೆ ಕೀಲಿಮಣೆ ರೂಪಿಸಿದರು. ವ್ಯಂಜನ ಒತ್ತು, ಸ್ವರ ಒತ್ತು, ಕಾಗುಣಿತವನ್ನು ಯಂತ್ರವೇ ಬರೆದುಕೊಳ್ಳಲಿ ಅನ್ನುವ ತರ್ಕ. ಮೊಬೈಲಿನಲ್ಲಿ ಕನ್ನಡ ಮೂಡದೆ ಚೌಕ ಚೌಕ ಕಾಣುತ್ತಿದ್ದ ದಿನಗಳು ನನಗೆ ಚೆನ್ನಾಗಿ ನೆನಪಿವೆ. ಆಗ ನಾವು ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಕುಟ್ಟುತ್ತ ‘ಅಡ್ಜಸ್ಟ್’ ಮಾಡಿಕೊಂಡೆವು. ಇವತ್ತು ನಿಮ್ಮ ಜೇಬಿನಲ್ಲಿರುವ ಫೋನು ಅರ್ಕಾವೊತ್ತನ್ನೂ ಬರೆಯುತ್ತದೆ. ಕಡೆಗೆ ಬಾಗಿದ್ದು ಯಾರು? ಯಂತ್ರ. ಯಾಕೆ ಬಾಗಿತು? ಬಾಗಿಸಿ ಅಂತ ಕೇಳುವ, ಬಾಗಿಸುವುದು ಹೇಗೆ ಅಂತ ಕೂತು ಲೆಕ್ಕ ಹಾಕುವ ಜನ ಇದ್ದರು. ಹೊಂದಿಕೊಳ್ಳೋಣ ಅಂದಿದ್ದರೆ ನಮ್ಮ ಮಕ್ಕಳ ಪುಸ್ತಕದಲ್ಲಿ ಇವತ್ತು ಒತ್ತಕ್ಷರ ಇರುತ್ತಿರಲಿಲ್ಲ. ಅವರು ಹೊಂದಿಸೋಣ ಅಂದರು. ಒಂದು ಪ್ರತ್ಯಯದ ವ್ಯತ್ಯಾಸ.

ಈಗ ನಾಮಫಲಕಕ್ಕೆ ಬನ್ನಿ. ೨೦೨೪ರಲ್ಲಿ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಗೆ ತಿದ್ದುಪಡಿ ತಂದು, ಅಂಗಡಿ ಮುಂಗಟ್ಟುಗಳ ಫಲಕದಲ್ಲಿ ಶೇಕಡಾ ೬೦ ಭಾಗ ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ ಇರಬೇಕು ಅಂತ ಮಾಡಿದರು. ೨೦೨೩ರ ಡಿಸೆಂಬರ್‌ನಲ್ಲಿ ಈ ಊರಿನ ರಸ್ತೆಗಳಲ್ಲಿ ಏನಾಯಿತು ನಿಮಗೇ ಗೊತ್ತು. ಅದಾದ ಮೇಲೆ ನನ್ನ ಪ್ರೆಸ್ಸಿಗೆ ಫಲಕದ ವಿನ್ಯಾಸ ಮಾಡಿಸಲು ಬಂದವರ ಮಾತು ಕೇಳಬೇಕಿತ್ತು. ಒಬ್ಬರು, ಒಳ್ಳೆಯ ಮನುಷ್ಯರೇ, ಎಲ್ಲ ಇಂಗ್ಲಿಷಿನಲ್ಲಿ ಮಾಡಿಸಿಕೊಂಡು ಬಂದ ನಕಾಶೆ ಮೇಜಿನ ಮೇಲೆ ಹರಡಿ, ‘ಕನ್ನಡಾನ ಎಲ್ಲಾದ್ರೂ ಅಡ್ಜಸ್ಟ್ ಮಾಡಿ’ ಅಂದರು. ಎಲ್ಲಿ ಅಂದೆ. ಕೆಳಗಡೆ ಫೋನ್ ನಂಬರ್ ಪಕ್ಕ ಜಾಗ ಇದೆಯಲ್ಲ ಅಂದರು. ಸ್ವಾಮಿ, ಅದಕ್ಕೆ ಕನ್ನಡದಲ್ಲಿ ‘ತುರುಕು’ ಅಂತಾರೆ ಅಂದೆ. ಅವರಿಗೇ ನಗು ಬಂತು. ಆಮೇಲೆ ಚರ್ಚೆ ಸುಲಭವಾಯಿತು. ತುರುಕುವುದು ಅಂತ ಹೆಸರು ಹೇಳಿದ ಮೇಲೆ ಅದನ್ನು ಮಾಡಿ ಅಂತ ಕೇಳಲು ಯಾರಿಗೂ ಬಾಯಿ ಬರುವುದಿಲ್ಲ. ಕನ್ನಡ ಮೇಲೆ ಬಂತು, ಇಂಗ್ಲಿಷ್ ಕೆಳಗೆ ಚೊಕ್ಕಟವಾಗಿ ಕೂತಿತು. ಫಲಕವೂ ನೋಡಲು ಚೆನ್ನಾಗಿಯೇ ಇದೆ.

ಬ್ಯಾಂಕಿನ ವಿಷಯವೂ ಹೀಗೇ. ಗ್ರಾಹಕರಿಗೆ ಕೊಡುವ ಅರ್ಜಿ, ಚಲನ್ನು, ಫಲಕ ಎಲ್ಲ ಹಿಂದಿ, ಇಂಗ್ಲಿಷ್ ಜೊತೆ ಆಯಾ ರಾಜ್ಯದ ಭಾಷೆಯಲ್ಲೂ ಇರಬೇಕು ಅಂತ ರಿಸರ್ವ್ ಬ್ಯಾಂಕೇ ಹೇಳಿದೆ. ಕೌಂಟರಿನಲ್ಲಿ ಕನ್ನಡದ ಚಲನ್ನು ಕೇಳಿದ ಅಜ್ಜನಿಗೆ ಸಿಗುವ ಉತ್ತರ ಮಾತ್ರ ‘ಅದು ಖಾಲಿ, ಇದರಲ್ಲೇ ಅಡ್ಜಸ್ಟ್ ಮಾಡ್ಕೊಳ್ಳಿ’. ನೋಡಿದಿರಾ, ‘ಕೊಳ್ಳಿ’ ಬಂತು. ಖಾಲಿಯಾದದ್ದು ಅವರ ಬೀರು, ಬಾಗಬೇಕಾದದ್ದು ಅಜ್ಜ. ೨೦೨೫ರ ಮೇ ತಿಂಗಳಲ್ಲಿ ಬೆಂಗಳೂರಿನ ಹೊರವಲಯದ ಬ್ಯಾಂಕ್ ಶಾಖೆಯೊಂದರಲ್ಲಿ ಅಧಿಕಾರಿಯೊಬ್ಬರು ಕನ್ನಡ ಮಾತಾಡುವುದೇ ಇಲ್ಲ ಅಂದ ವಿಡಿಯೊ ಊರೆಲ್ಲ ಹರಡಿತು, ಅವರ ವರ್ಗಾವಣೆಯೂ ಆಯಿತು. ಅಂಥದ್ದು ಸುದ್ದಿಯಾಗುತ್ತದೆ. ನಯವಾಗಿ ನಗುತ್ತ ಅಡ್ಜಸ್ಟ್ ಮಾಡ್ಕೊಳ್ಳಿ ಅನ್ನುವುದು ಸುದ್ದಿಯಾಗುವುದಿಲ್ಲ, ದಿನಾ ನಡೆಯುತ್ತದೆ.

ರಾಜಕೀಯದ ಮಾತು ಹೆಚ್ಚು ಬೇಡ. ಅಲ್ಲಿ ‘ಹೊಂದಾಣಿಕೆ’ ಅನ್ನುವ ಒಳ್ಳೆಯ ಕನ್ನಡ ಪದವನ್ನೇ ಹಾಳು ಮಾಡಿಟ್ಟಿದ್ದಾರೆ. ಹೊಂದಾಣಿಕೆ ರಾಜಕಾರಣ ಅಂದರೆ ಈಗ ಒಳಗೊಳಗೇ ಎದುರಾಳಿಗೆ ಬಿಟ್ಟುಕೊಡುವುದು ಅಂತ ಪತ್ರಿಕೆಯಲ್ಲೇ ಬರೆಯುತ್ತಾರೆ.

ಕೆಲವರು ಕೇಳಬಹುದು, ನೀವು ಪ್ರೆಸ್ಸು, ಪ್ಲೇಟು, ಬ್ಯಾಂಕು ಅಂತೀರಿ, ಅಡ್ಜಸ್ಟ್ ಮಾತ್ರ ಯಾಕೆ ಬೇಡ? ನ್ಯಾಯವಾದ ಪ್ರಶ್ನೆ. ನಾನು ಮಡಿವಂತನಲ್ಲ. ಇದೇ ವಿಷಯದಲ್ಲಿ ನಾವು ಬಳಸುವ ‘ರಾಜಿ’ ಅರಬ್ಬಿಯಿಂದ ಹೊರಟು ಉರ್ದುವಿನ ಮೂಲಕ ಬಂದದ್ದು. ‘ಸಂಭಾಳಿಸು’, ‘ನಿಭಾಯಿಸು’ ಎರಡೂ ಉತ್ತರದ ಭಾಷೆಗಳಿಂದ ಬಂದವು. ಬಂದು ಒಂದೊಂದು ಖಾಸಾ ಅರ್ಥ ಹಿಡಿದು ಕೂತವು. ರಾಜಿ ಅಂದರೆ ಜಗಳ ಇತ್ತು, ಇಬ್ಬರೂ ಒಪ್ಪಿ ಮುಗಿಸಿದರು. ನಿಭಾಯಿಸಿದ ಅಂದರೆ ಹೊರೆ ಹೊತ್ತು ದಡ ಮುಟ್ಟಿಸಿದ. ಅವು ನಮ್ಮ ಮನೆಗೆ ಸಾಮಾನು ತಂದ ನೆಂಟರು. ಅಡ್ಜಸ್ಟ್ ಒಂದು ಹತ್ತು ಪದಗಳನ್ನು ಹೊರಗೆ ಹಾಕಿ ಅವುಗಳ ಜಾಗದಲ್ಲಿ ತಾನೊಬ್ಬನೇ ಮಲಗಿದೆ. ಬಸ್ಸಿನಲ್ಲಿ ಇರಲಿ ಬಿಡಿ. ಎಲ್ಲಿ ಹಣ, ಹಕ್ಕು, ಮಾನ, ಭಾಷೆ ಕೈ ಬದಲಾಗುತ್ತದೋ ಅಲ್ಲಿ ಆ ಪದ ಕೇಳಿದ ತಕ್ಷಣ ತಡೆದು, ‘ಸ್ವಾಮಿ, ಸರಿಯಬೇಕೋ, ಸಹಿಸಬೇಕೋ, ಬಿಟ್ಟುಕೊಡಬೇಕೋ, ಬಿಡಿಸಿ ಹೇಳಿ’ ಅಂತ ಕೇಳಿ. ಬಾಡಿಗೆ ಮನೆಯ ಮಾಲೀಕರನ್ನು ಕೇಳಿ, ಕೆಲಸಕ್ಕೆ ಸೇರಿಸಿಕೊಂಡು ಭಾನುವಾರವೂ ಬನ್ನಿ ಅನ್ನುವವರನ್ನು ಕೇಳಿ. ಅರ್ಧ ಜನ ಅಲ್ಲೇ ತಡವರಿಸುತ್ತಾರೆ.

ಒಂದು ಮಾತು ನಮ್ಮ ಕಡೆಗೂ ತಿರುಗಿಸಬೇಕು. ಮುಂಬಯಿಗೆ ಹೋದ ಕನ್ನಡಿಗರು ಮರಾಠಿ ಕಲಿತು ಹೋಟೆಲು ನಡೆಸಿದರು, ಮನೆಯಲ್ಲಿ ಕನ್ನಡವನ್ನೋ ತುಳುವನ್ನೋ ಇಟ್ಟುಕೊಂಡರು, ಸಂಘ ಕಟ್ಟಿ ನಾಟಕ ಆಡಿದರು. ಅದು ಹೊಂದಿಕೊಳ್ಳುವುದು. ಹೊಂದಿಕೊಂಡರು, ತಮ್ಮದನ್ನು ಬಿಟ್ಟುಕೊಡಲಿಲ್ಲ. ಇಲ್ಲಿಗೆ ಬಂದವರಿಂದಲೂ ನಾವು ಕೇಳಬಹುದಾದದ್ದು ಅಷ್ಟೇ, ಅದಕ್ಕಿಂತ ಕಡಿಮೆಯೂ ಅಲ್ಲ.

ಈ ಮಾತು ಯಾಕೆ ಬಂತು ಅಂದರೆ, ನೀವು ಅಚ್ಚಿಗೆ ಕೊಟ್ಟ ಕರಪತ್ರದ ಕರಡು ನನ್ನ ಮೇಜಿನ ಮೇಲಿದೆ. ಐದನೆಯ ಸಾಲಿನಲ್ಲಿ ‘ವಲಸೆ ಬಂದವರು ಕನ್ನಡಕ್ಕೆ ಅಡ್ಜಸ್ಟ್ ಆಗಲೇಬೇಕು’ ಅಂತ ಬರೆದಿದ್ದೀರಿ. ಅಲ್ಲಿ ನಿಮಗೆ ಬೇಕಾದ ಪದ ಯಾವುದು ಅಂತ ನಿಮ್ಮ ನಿಮ್ಮಲ್ಲೇ ಮಾತಾಡಿಕೊಂಡು ಹೇಳಿ. ‘ಹೊಂದಿಕೊಳ್ಳಬೇಕು’ ಅಂತಾದರೆ ಈಗಲೇ ತಿದ್ದುತ್ತೇನೆ. ‘ಒಗ್ಗಬೇಕು’ ಅಂತಾದರೆ ಅದಕ್ಕೆ ಕಾಲ ಬೇಕು, ಸಂಜೆ ಹೊತ್ತು ಕೂತು ಕನ್ನಡ ಕಲಿಸುವವರು ಬೇಕು, ನಿಮ್ಮಲ್ಲಿ ಯಾರು ಬರುತ್ತೀರಿ ಅಂತ ಕೆಳಗೆ ಹೆಸರು ಹಾಕಬೇಕಾಗುತ್ತದೆ. ‘ಮಣಿಯಬೇಕು’ ಅಂತಾದರೆ ನನ್ನ ಹತ್ತಿರ ಇನ್ನೊಂದು ಸಲ ಬಂದು ಕೂತು ಮಾತಾಡಿ. ನಾಳೆ ಸಂಜೆ ಆರರೊಳಗೆ ತಿಳಿಸಿ, ರಾತ್ರಿ ಪ್ಲೇಟ್ ಆಗಬೇಕು.